ಒರಿಗಾಮಿಯ ಖುಷಿಗೆ ಗಣಿತದ ಹಿನ್ನೆಲೆ ಬೇಕಾ?

ಕಾಗದದ_ಕೊಕ್ಕರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ಇತಿಹಾಸ. ಗಣಿತ ಹತ್ತನೇ ತರಗತಿಗೇ ಮುಗಿಯಿತು, ಆಮೇಲೆ ಆ ಕಡೆ ತಲೆ ಹಾಕಿಲ್ಲ. ಕಾಗದ ಮಡಚುವುದನ್ನು ಮಾತ್ರ ಚಿಕ್ಕಂದಿನಿಂದ ಬಿಟ್ಟಿಲ್ಲ. ಕೊಕ್ಕರೆ, ಕಪ್ಪೆಯಿಂದ ಶುರುವಾಗಿ ಈಗ ಕವಾಸಾಕಿ ಗುಲಾಬಿವರೆಗೂ ಬಂದಿದ್ದೇನೆ. ಆ ಗುಲಾಬಿಯ ನಡುವನ್ನು ಹಿಡಿದು ಮೆಲ್ಲಗೆ ತಿರುಗಿಸುವಾಗ ನಾಲ್ಕೂ ಕಡೆಯ ಎಸಳು ಒಟ್ಟಿಗೇ ಸುರುಳಿ ಸುತ್ತಿಕೊಳ್ಳುತ್ತವಲ್ಲ, ಆ ಗಳಿಗೆಗೋಸ್ಕರ ಎಷ್ಟು ಹಾಳೆ ಬೇಕಾದರೂ ಮಡಚುತ್ತೇನೆ.

ಕೆಲಸದ ಜಾಗದಲ್ಲಿ ಒಂದು ವಿಷಯ ಗಮನಿಸಿದ್ದೇನೆ. ಒರಿಗಾಮಿ ಪುಸ್ತಕಗಳು ಎರಡು ಬೇರೆ ಕಪಾಟುಗಳಲ್ಲಿ ಕೂತಿರುತ್ತವೆ. ಡ್ಯೂಯಿ ವರ್ಗೀಕರಣದಲ್ಲಿ 736.982 ಅಂದರೆ ಒರಿಗಾಮಿ. ಅದು ಕಲೆಯ ಸಾಲು, ಕೆತ್ತನೆ ಕೆಲಸಗಳ ಪಕ್ಕ. ಆದರೆ ಕೆಲವು ಪುಸ್ತಕ 516ರಲ್ಲಿ, ಜ್ಯಾಮಿತಿಯ ಜೊತೆ ಇವೆ. 736ರಿಂದ ಪುಸ್ತಕ ಒಯ್ಯುವವರು 516ರ ಕಡೆ ಸುಳಿಯುವುದೇ ಇಲ್ಲ. 516ರವರು ಮಾತ್ರ ಎರಡೂ ಕಡೆ ಆರಾಮಾಗಿ ಓಡಾಡುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಒಂಥರಾ ಹೊಟ್ಟೆಕಿಚ್ಚು.

ಒಟ್ಟಿಗೆ ಕೂತು ಮಡಚುವ ಒಂದು ಗುಂಪಿಗೆ ಹೋಗುತ್ತೇನೆ. ಅಲ್ಲೂ ಜಾಸ್ತಿ ಜನ ಎಂಜಿನಿಯರಿಂಗ್, ಗಣಿತ, ಫಿಸಿಕ್ಸ್ ಓದಿದವರೇ. ಮಾದರಿ ಮುಗಿದ ಮೇಲೆ ನಾನು ಅದನ್ನು ಮೇಜಿನ ಮೇಲಿಟ್ಟು ಸುತ್ತ ತಿರುಗಿಸಿ ನೋಡುತ್ತೇನೆ. ಅವರು ಹಾಗಲ್ಲ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಪೂರ್ತಿ ಬಿಚ್ಚಿ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಗೆರೆಗಳ ಮೇಲೆ ಬೆರಳಿಟ್ಟು ಏನೇನೋ ಮಾತಾಡಿಕೊಳ್ಳುತ್ತಾರೆ, ಕಣ್ಣು ಹೊಳೆಯುತ್ತಿರುತ್ತದೆ. ನನಗೆ ಕಾಣುವುದು ಸುಕ್ಕುಸುಕ್ಕಾದ ಹಾಳೆ ಅಷ್ಟೇ.

ಹೆಸರುವಾಸಿಯಾದವರನ್ನು ನೋಡಿದರೂ ಅದೇ ಕಥೆ. ರಾಬರ್ಟ್ ಲ್ಯಾಂಗ್ ಭೌತವಿಜ್ಞಾನಿ. ಜುನ್ ಮಾಯೆಕಾವಾ ಓದಿದ್ದೂ ಭೌತಶಾಸ್ತ್ರ. ಗುಲಾಬಿಯ ಕವಾಸಾಕಿಯವರು ಗಣಿತದವರು ಅಂತ ಇತ್ತೀಚೆಗೆ ಗೊತ್ತಾಯಿತು.

ಅದಕ್ಕೇ ಕೇಳುತ್ತಿದ್ದೇನೆ. ಗಣಿತ ಗೊತ್ತಿರುವವರಿಗೆ ಸಿಗುವ ಖುಷಿ ನನಗೆ ಸಿಗುವುದಕ್ಕಿಂತ ಜಾಸ್ತಿಯಾ, ಅಥವಾ ಅದೇ ಬೇರೆಯಾ? ನನಗೆ ಏನೋ ತಪ್ಪಿಹೋಗುತ್ತಿದೆ ಅನ್ನುವುದಾದರೆ, ಅದನ್ನು ಈಗ ಹಿಡಿಯಲು ಆಗುತ್ತಾ? ನೀವೆಲ್ಲ ಇಲ್ಲಿಗೆ ಯಾವ ದಾರಿಯಿಂದ ಬಂದಿರಿ ಅಂತಲೂ ತಿಳಿಯುವ ಆಸೆ.

—

ಲೆಕ್ಕದ_ಮೇಷ್ಟ್ರು ಉತ್ತರಿಸಿದ್ದು:

ಮೇಡಂ, ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಈ ವಿಷಯ ನನಗೆ ತುಂಬಾ ಹತ್ತಿರದ್ದು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಇದೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಒರಿಗಾಮಿ ಸವಿಯಲು ಗಣಿತ ಓದಿರಬೇಕಾಗಿಲ್ಲ. ಆದರೆ ಗುಂಪಿನವರು ಮಾದರಿ ಬಿಚ್ಚಿ ನೋಡುತ್ತಾರೆ ಅಂದಿರಲ್ಲ, ವಿಷಯ ಇರುವುದು ಅಲ್ಲೇ. ಕೆಲವರಿಗೆ ಖುಷಿ ಕೊಡುವುದು ಆಕಾರ. ಕೆಲವರಿಗೆ ಬಿಚ್ಚಿದ ಹಾಳೆ. ಈ ಎರಡನೆಯದನ್ನೇ ನಾನು ಗಣಿತದ ಖುಷಿ ಅನ್ನುವುದು. ಅದಕ್ಕೆ ಡಿಗ್ರಿ ಬೇಡ, ಮಾರ್ಕ್ಸ್ ಕಾರ್ಡೂ ಬೇಡ. ಈ ಗೆರೆ ಇಲ್ಲೇ ಯಾಕೆ ಬಂತು, ಬೇರೆ ಕಡೆ ಯಾಕೆ ಬರಲಿಲ್ಲ ಅಂತ ಕೇಳುವ ಮನಸ್ಸು ಸಾಕು. ನನ್ನ ಜೊತೆ ಕೆಲಸ ಮಾಡುವ ಗಣಿತದವರಲ್ಲೇ ಎಷ್ಟೋ ಜನರಿಗೆ ಕಾಗದ ಮಡಚುವುದು ಅಂದರೆ ಬೇಜಾರು. ನನ್ನ ತರಗತಿಯಲ್ಲಿ ಲೆಕ್ಕ ಅಂದರೆ ಮುಖ ತಿರುಗಿಸುವ ಮಕ್ಕಳು ಬಿಚ್ಚಿದ ಹಾಳೆ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ.

ಸುಮ್ನೆ ಹೇಳಿದರೆ ಸಾಲದು. ಒಂದು ಚೌಕ ಹಾಳೆ ತೆಗೆದುಕೊಳ್ಳಿ.

ಕೊಕ್ಕರೆಗೆ ಮೊದಲು ಮಾಡುವ ಸಣ್ಣ ಚೌಕದ ಬೇಸ್, ಅಂದರೆ ಮಾದರಿಗೆ ಬುನಾದಿಯಾಗುವ ಮಡಿಕೆ, ಇದೆಯಲ್ಲ, ಅಷ್ಟು ಮಾಡಿ ನಿಲ್ಲಿಸಿ. ಬಣ್ಣದ ಬದಿ ಹೊರಗಿರಲಿ. ಈಗ ಬಿಚ್ಚಿ. ಹಾಳೆಯ ನಡುಬಿಂದುವಿನಿಂದ ಎಂಟು ಗೆರೆ ಹೊರಡುತ್ತವೆ. ನಾಲ್ಕು ಮೂಲೆಗಳಿಗೆ, ನಾಲ್ಕು ಅಂಚುಗಳ ಮಧ್ಯಕ್ಕೆ. ಆದರೆ ಎಂಟೂ ಕೆಲಸ ಮಾಡುತ್ತಿಲ್ಲ. ಬೇಸನ್ನು ಮತ್ತೆ ಅರ್ಧಂಬರ್ಧ ಮಡಚಿ ನೋಡಿ. ಮೂಲೆಗೆ ಹೋಗುವ ಗೆರೆಗಳಲ್ಲಿ ಎದುರುಬದುರಿನ ಎರಡು ಸುಮ್ಮನೆ ಮಲಗಿವೆ, ಅಲ್ಲಿ ಕಾಗದ ಮಡಚಿಯೇ ಇಲ್ಲ. ಮಡಚಿರುವುದು ಆರು ಮಾತ್ರ. ಬಣ್ಣದ ಬದಿಯಿಂದ ಎಣಿಸಿ. ಉಬ್ಬಿ ನಿಂತ ಬೆಟ್ಟದ ಮಡಿಕೆ ನಾಲ್ಕು, ಒಳಗೆ ಇಳಿದ ಕಣಿವೆ ಮಡಿಕೆ ಎರಡು. ವ್ಯತ್ಯಾಸ ಎರಡು.

ಈಗ ಎಷ್ಟೇ ಕಷ್ಟದ ಮಾದರಿ ತೆಗೆದುಕೊಳ್ಳಿ. ಅದು ಚಪ್ಪಟೆಯಾಗಿ ಮಡಚಿಕೊಳ್ಳುವಂಥದ್ದಾಗಿರಬೇಕು, ಅಷ್ಟೇ. ಹಾಳೆಯ ಒಳಗೆ ಗೆರೆಗಳು ಕೂಡುವ ಯಾವ ಬಿಂದುವಿನಲ್ಲಿ ಎಣಿಸಿದರೂ ಬೆಟ್ಟಕ್ಕೂ ಕಣಿವೆಗೂ ವ್ಯತ್ಯಾಸ ಎರಡೇ. ಮೂರು ಬರಲ್ಲ, ಸೊನ್ನೆ ಬರಲ್ಲ. ಇದಕ್ಕೆ ಮಾಯೆಕಾವಾ ಪ್ರಮೇಯ ಅಂತ ಹೆಸರು. ನೀವು ಹೇಳಿದ ಅದೇ ಮಾಯೆಕಾವಾ.

ಯಾಕೆ ಹೀಗೆ? ಒಂದು ಇರುವೆ ಆ ಬಿಂದುವಿನ ಸುತ್ತ ಒಂದು ಸುತ್ತು ನಡೆಯುತ್ತದೆ ಅಂದುಕೊಳ್ಳಿ. ಕಾಗದ ಚಪ್ಪಟೆಯಾಗಿ ಮಡಚಿದೆ. ಹಾಗಾಗಿ ಪ್ರತಿ ಮಡಿಕೆಯಲ್ಲೂ ಇರುವೆ ಪೂರ್ತಿ ಹಿಂದಕ್ಕೆ ತಿರುಗಲೇಬೇಕು, ಅಂದರೆ 180 ಡಿಗ್ರಿ. ಬೆಟ್ಟದಲ್ಲಿ ಒಂದು ಕಡೆಗೆ ತಿರುಗಿದರೆ ಕಣಿವೆಯಲ್ಲಿ ಅದರ ಉಲ್ಟಾ ಕಡೆಗೆ. ಹೊರಟ ಜಾಗಕ್ಕೆ ಮರಳಿ ಬಂದಾಗ ಒಟ್ಟು ತಿರುವು ಒಂದು ಪೂರ್ತಿ ಸುತ್ತು, 360 ಡಿಗ್ರಿ. ಅಂದರೆ ಎರಡು ಸಲ 180. ಬೆಟ್ಟ ಒಂದು, ಕಣಿವೆ ಒಂದು ಪರಸ್ಪರ ವಜಾ ಆಗುತ್ತಾ ಹೋದರೆ ಕೊನೆಗೆ ಉಳಿಯುವುದು ಆ ಎರಡೇ. ಇಷ್ಟೇ ಪುರಾವೆ. ಹತ್ತನೇ ತರಗತಿಯ ಗಣಿತ ಕೂಡ ಬೇಕಿಲ್ಲ.

ಅದೇ ಬಿಂದುವಿನಲ್ಲಿ ಕೋನಗಳನ್ನೂ ನೋಡಿ. ಮಡಚಿದ ಆರು ಗೆರೆಗಳ ನಡುವೆ ಸುತ್ತಲೂ 45, 45, 90, 45, 45, 90. ಒಂದು ಬಿಟ್ಟು ಒಂದು ಕೂಡಿಸಿದರೆ 45, 90, 45. ಮೊತ್ತ 180. ಉಳಿದ ಮೂರು ಕೂಡಿಸಿದರೂ 180. ಇದೂ ಎಲ್ಲ ಕಡೆ ನಿಲ್ಲುವ ನಿಯಮ. ಇದರ ಹೆಸರು ಕವಾಸಾಕಿ ಪ್ರಮೇಯ, ನಿಮ್ಮ ಗುಲಾಬಿಯ ಕವಾಸಾಕಿಯವರದೇ. ಅಂದರೆ ಒಬ್ಬರೇ ಮನುಷ್ಯ ನಿಮ್ಮ ಎರಡೂ ಕಪಾಟಿನಲ್ಲಿ ಇದ್ದಾರೆ.

ಇನ್ನು ದೊಡ್ಡವರೆಲ್ಲ ಗಣಿತದವರೇ ಅನ್ನುವ ಮಾತು. ಅದು ಪೂರ್ತಿ ನಿಜ ಅಲ್ಲ. ಇವತ್ತಿನ ಒರಿಗಾಮಿಗೆ ತಂದೆಯಂತಿರುವ ಅಕಿರಾ ಯೋಶಿಜಾವಾ (1911–2005) ಹದಿಮೂರರ ವಯಸ್ಸಿಗೇ ಕಾರ್ಖಾನೆ ಕೆಲಸಕ್ಕೆ ಸೇರಿದವರು. ಮುಂದೆ ಅಲ್ಲೇ ಡ್ರಾಫ್ಟ್ಸ್‌ಮನ್ ಆದರು. ಹೊಸದಾಗಿ ಬಂದವರಿಗೆ ಜ್ಯಾಮಿತಿ ಕಲಿಸುವ ಕೆಲಸ ಅವರ ಪಾಲಿಗೆ ಬಂತು. ಅವರು ಅದನ್ನು ಕಾಗದ ಮಡಚಿಯೇ ಕಲಿಸಿದರು. ನಾವು ಇವತ್ತು ಡಯಾಗ್ರಾಂಗಳಲ್ಲಿ ನೋಡುವ ಬಾಣದ ಗುರುತು, ತುಂಡು ಗೆರೆಗಳ ಪದ್ಧತಿ ಬೆಳೆದದ್ದು ಅವರಿಂದ. ಕಾಗದವನ್ನು ಒದ್ದೆ ಮಾಡಿ ಮೈದುಂಬಿದ ಪ್ರಾಣಿಗಳನ್ನು ರೂಪಿಸುವುದೂ ಅವರದೇ ದಾರಿ. ಅವರನ್ನು ಗಣಿತದವರು ಅನ್ನಬೇಕಾ, ಕಲಾವಿದರು ಅನ್ನಬೇಕಾ? ನನಗೆ ಈ ಪ್ರಶ್ನೆಯೇ ಬೇಡ ಅನಿಸುತ್ತದೆ.

ಇನ್ನೊಬ್ಬರು ಕಾಜುಓ ಹಾಗಾ. ಅವರು ಜೀವವಿಜ್ಞಾನಿ. ಅವರ ಹೆಸರಿನ ಪ್ರಮೇಯ ನನಗೆ ಪ್ರಾಣ. ಚೌಕದ ಕೆಳಗಿನ ಬಲ ಮೂಲೆಯನ್ನು ಎತ್ತಿ ಮೇಲಂಚಿನ ಮಧ್ಯಬಿಂದುವಿಗೆ ತಾಗಿಸಿ ಮಡಚಿ. ಬೇರೇನೂ ಮಾಡಬೇಡಿ. ಮೇಲೆ ಬಲಗಡೆ ಒಂದು ಪುಟ್ಟ ಲಂಬಕೋನ ತ್ರಿಭುಜ ಕಾಣುತ್ತದೆ. ಅದರ ಬಾಹುಗಳು 3, 4, 5ರ ಅನುಪಾತದಲ್ಲಿರುತ್ತವೆ. ಎಡಗಡೆ, ಮೇಲಕ್ಕೆ ಬಂದ ಕೆಳಅಂಚು ಹಾಳೆಯ ಎಡ ಅಂಚನ್ನು ದಾಟುವ ಜಾಗ ಸರಿಯಾಗಿ ಮೂರನೇ ಒಂದು ಭಾಗದಲ್ಲಿ ಬರುತ್ತದೆ. ಕೆಳಗೆ ಒಂದು ಪಾಲು, ಮೇಲೆ ಎರಡು ಪಾಲು. ಸ್ಕೇಲ್ ಮುಟ್ಟದೆ ಒಂದೇ ಮಡಿಕೆಯಲ್ಲಿ! ತರಗತಿಯಲ್ಲಿ ಇದನ್ನು ಮಾಡಿಸಿದಾಗ ಮಕ್ಕಳು ಮೊದಲು ನಂಬುವುದಿಲ್ಲ, ಸ್ಕೇಲ್ ತಂದು ಅಳೆಯುತ್ತಾರೆ. ಅಳೆದ ಮೇಲೆ ಯಾಕೆ ಸರ್ ಅನ್ನುತ್ತಾರೆ. ಪೈಥಾಗೊರಸ್ ಪ್ರಮೇಯವನ್ನು ಅವರೇ ಬಂದು ಕೇಳುವ ದಿನ ಅದು.

ಮಡಿಕೆಯಿಂದ ಜ್ಯಾಮಿತಿಗೆ ಹೋಗುವ ದಾರಿ ಹೊಸದೇನೂ ಅಲ್ಲ. ಟಿ. ಸುಂದರ ರಾವ್ ಅವರು ಕಾಗದ ಮಡಚಿ ಜ್ಯಾಮಿತಿ ಮಾಡುವ ಬಗ್ಗೆ ಇಡೀ ಪುಸ್ತಕ ಬರೆದು 1893ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ್ದರು. ಕಿಂಡರ್‌ಗಾರ್ಟನ್ ಮಕ್ಕಳಿಗೆ ಕೊಡುವ ಮಡಚುವ ಕಾಗದದಿಂದ ಅವರಿಗೆ ಆ ಯೋಚನೆ ಬಂದದ್ದು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕವನ್ನು ಗಮನಿಸಿ ತಮ್ಮ ಬರಹದಲ್ಲಿ ಹೆಸರಿಸಿದರು. ನಿಮ್ಮ 516ರ ಕಪಾಟಿನಲ್ಲಿ ಹುಡುಕಿ ನೋಡಿ, ಸಿಕ್ಕರೂ ಸಿಗಬಹುದು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನಿಮಗೆ ಸಿಗುವ ಖುಷಿ ಕಮ್ಮಿಯದ್ದಲ್ಲ. ಆದರೆ ಇನ್ನೊಂದು ಇದೆ, ಅದರ ಬಾಗಿಲು ನೀವು ತಿಳಿದುಕೊಂಡದ್ದಕ್ಕಿಂತ ತುಂಬಾ ಹತ್ತಿರದಲ್ಲಿದೆ. ಮುಂದಿನ ಸಲ ಮಾದರಿ ಬಿಚ್ಚಿ. ಸುಕ್ಕುಸುಕ್ಕಾದ ಹಾಳೆ ಅನಿಸಿದರೆ ಒಂದೇ ಒಂದು ಬಿಂದು ಹಿಡಿದು ಎಣಿಸಿ.

—

ಸೂಜಿದಾರ ಉತ್ತರಿಸಿದ್ದು:

ನಾನು ಬಟ್ಟೆ ಹೊಲಿಯುವವಳು. ಓದಿದ್ದು ಕಮ್ಮಿ. ಮೇಷ್ಟ್ರು ಹೇಳಿದ ಇರುವೆ ಲೆಕ್ಕ ಎರಡು ಸಲ ಓದಿದೆ, ಅರ್ಥವಾಯಿತು, ತುಂಬಾ ಇಷ್ಟವಾಯಿತು.

ನನಗೆ ಮಡಚುವುದು ಹಿಡಿಸಿದ್ದು ಬೇರೆ ಕಾರಣಕ್ಕೆ. ಚಪ್ಪಟೆ ಬಟ್ಟೆಯನ್ನು ಮೈಯ ಉಬ್ಬುತಗ್ಗಿಗೆ ಕೂರಿಸುವುದೇ ನನ್ನ ಕೆಲಸ. ಉಬ್ಬು ಬೇಕಾದ ಕಡೆ ಡಾರ್ಟ್ ಹಿಡಿಯುತ್ತೇವೆ. ಅಂದರೆ ಬಟ್ಟೆಯಲ್ಲಿ ಒಂದು ತೆಳ್ಳನೆ ತ್ರಿಕೋನವನ್ನು ಮಡಚಿ ಒಳಗೆ ಹಾಕಿ ಹೊಲಿದುಬಿಡುತ್ತೇವೆ. ಅಷ್ಟು ಬಟ್ಟೆ ಸುತ್ತಳತೆಯಿಂದ ಹೋದ ಕೂಡಲೇ ತುದಿ ಉಬ್ಬಿಕೊಳ್ಳುತ್ತದೆ. ಡಾರ್ಟ್ ಅಗಲ ಜಾಸ್ತಿಯಾದರೆ ಉಬ್ಬು ಚೂಪು, ಕಮ್ಮಿಯಾದರೆ ಹರವು. ಒಂದು ದೊಡ್ಡದರ ಬದಲು ಎರಡು ಸಣ್ಣದು ಹಿಡಿದರೆ ಮೆತ್ತಗೆ ಕೂರುತ್ತದೆ. ಇದನ್ನು ಯಾರೂ ನನಗೆ ಡಿಗ್ರಿ ಲೆಕ್ಕದಲ್ಲಿ ಹೇಳಿಕೊಡಲಿಲ್ಲ, ಕತ್ತರಿ ಹಿಡಿದು ಕಲಿತದ್ದು.

ಕಾಗದದಲ್ಲಿ ಹೊಲಿಯುವ ಹಾಗಿಲ್ಲ, ಕತ್ತರಿಸುವ ಹಾಗೂ ಇಲ್ಲ. ಆದರೂ ಚಪ್ಪಟೆ ಹಾಳೆಯಿಂದ ಬಟ್ಟಲು, ಚೆಂಡು, ಪ್ರಾಣಿಯ ಬೆನ್ನು ಎಲ್ಲ ಏಳುತ್ತವೆ. ಮೊದಲ ಸಲ ಒಂದು ಪೆಟ್ಟಿಗೆ ಮಡಚಿದಾಗ ನನ್ನ ಕಣ್ಣು ಹೋಗಿದ್ದು ಮೂಲೆಗೆ. ಅಲ್ಲಿ ಜಾಸ್ತಿಯಾದ ಕಾಗದ ಎಲ್ಲಿ ಹೋಯಿತು ಅಂತ ಬಿಚ್ಚಿ ನೋಡಿದೆ. ಡಾರ್ಟ್ ಥರವೇ ಒಂದು ತ್ರಿಕೋನ ಒಳಗೆ ಅಡಗಿ ಕೂತಿತ್ತು. ಅವತ್ತಿಂದ ಏನು ಮಡಚಿದರೂ ಮೊದಲು ನೋಡುವುದು ಅದನ್ನೇ, ಉಳಿದ ಕಾಗದವನ್ನು ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ. ಒಳ್ಳೆಯ ಮಾದರಿಯಲ್ಲಿ ಆ ಬಚ್ಚಿಟ್ಟ ಕಾಗದವೂ ಕೆಲಸ ಮಾಡುತ್ತಿರುತ್ತದೆ. ಎಲ್ಲೋ ಒಂದು ಕಾಲಾಗಿ, ಇಲ್ಲಾ ಬಿಗಿ ಹಿಡಿಯುವ ಕೊಂಡಿಯಾಗಿ.

ಕಾಗದದ ಕೊಕ್ಕರೆ ಅವರೇ, ನೀವು ಗಣಿತದ ಹಿನ್ನೆಲೆ ಇಲ್ಲ ಅಂತೀರಿ. ಗುಲಾಬಿ ಮಡಚುವ ಕೈಗೆ ಅದು ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಬಾಯಲ್ಲಿ ಹೇಳಲು ಬರಲ್ಲ, ಅಷ್ಟೇ.

—

ಅರ್ಧಮಡಿಕೆ ಉತ್ತರಿಸಿದ್ದು:

ಮೇಷ್ಟ್ರ ಮಾತಿಗೆ ನನ್ನದು ಸ್ವಲ್ಪ ತಕರಾರು ಇದೆ. ಗೌರವದಿಂದಲೇ ಹೇಳುತ್ತೇನೆ.

ನಾನು ಗಣಿತದಲ್ಲಿ ಎಂಎಸ್ಸಿ ಮಾಡಿ ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಒರಿಗಾಮಿಯ ಗಣಿತ ನನಗೆ ಮೊದಲು ಗೊತ್ತಾಯಿತು, ಮಡಚುವುದು ಎಷ್ಟೋ ಆಮೇಲೆ ಬಂತು. ಕೈವಾರ, ಅಳತೆ ಗುರುತಿಲ್ಲದ ಸ್ಕೇಲ್ ಎರಡರಿಂದ ಎಲ್ಲ ಕೋನಗಳನ್ನೂ ಮೂರು ಸಮಭಾಗ ಮಾಡುವ ದಾರಿ ಇಲ್ಲ ಅಂತ ಫ್ರಾನ್ಸಿನ ಗಣಿತಜ್ಞ ವಾಂಟ್ಸೆಲ್ 1837ರಲ್ಲಿ ಸಾಧಿಸಿದ. ಆದರೆ ಕಾಗದ ಮಡಚಿದರೆ ಸಾಧ್ಯ. ಎರಡು ಬಿಂದುಗಳನ್ನು ಒಟ್ಟಿಗೇ ಎರಡು ಗೆರೆಗಳ ಮೇಲೆ ಕೂರಿಸುವ ಒಂದು ಮಡಿಕೆ ಇದೆ. ಅದರಿಂದ ಘನ ಸಮೀಕರಣಗಳನ್ನೇ ಬಿಡಿಸಬಹುದು ಅಂತ ಇಟಲಿಯ ಮಾರ್ಗರಿಟಾ ಬೆಲೋಕ್ 1936ರಲ್ಲಿ ತೋರಿಸಿದರು. ಸಾವಿರಾರು ವರ್ಷ ಜನರನ್ನು ಕಾಡಿದ ಲೆಕ್ಕ ಒಂದು ಮಡಿಕೆಗೆ ಬಗ್ಗುತ್ತದೆ! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇಷ್ಟಾದರೂ ನನಗೆ ಮಡಚಬೇಕು ಅನಿಸಲೇ ಇಲ್ಲ. ಪುರಾವೆ ಗೊತ್ತಾಯಿತು, ಅಲ್ಲಿಗೆ ಮುಗಿಯಿತು. ಗಣಿತ ಇಷ್ಟಪಡುವುದು ಬೇರೆ, ಮಡಚುವುದನ್ನು ಇಷ್ಟಪಡುವುದು ಬೇರೆ. ಒಂದರಿಂದ ಇನ್ನೊಂದು ತಾನಾಗೇ ಬರುವುದಿಲ್ಲ.

ನನ್ನನ್ನು ಎಳೆದುಕೊಂಡದ್ದು ಮಾಡ್ಯುಲರ್, ಅಂದರೆ ಬೇರೆ ಬೇರೆ ಹಾಳೆಗಳಲ್ಲಿ ಮಡಚಿದ ತುಣುಕುಗಳನ್ನು ಜೋಡಿಸುವ ಒರಿಗಾಮಿ. ಅಲ್ಲಿ ಬಿಚ್ಚಿ ನೋಡುವುದಕ್ಕೆ ಏನೂ ಇಲ್ಲ. ಒಂದೊಂದು ತುಣುಕೂ ಐದು ನಿಮಿಷದ ಕೆಲಸ, ಎಲ್ಲವೂ ಒಂದೇ ಥರ. ಸೊನೊಬೆ ಅನ್ನುವ ತುಣುಕು ಆರು ಸೇರಿಸಿದರೆ ಘನ, 12 ಸೇರಿಸಿದರೆ ಎಂಟು ಮುಳ್ಳಿನ ನಕ್ಷತ್ರ, 30 ಸೇರಿಸಿದರೆ 20 ಮುಳ್ಳಿನ ಚೆಂಡು. ಮೇಷ್ಟ್ರ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಖುಷಿ ಇರುವುದು ಜೋಡಿಸುವುದರಲ್ಲಿ.

ಟಾಮ್ ಹಲ್ ಅನ್ನುವ ಗಣಿತಜ್ಞರ ಫಿಜ್ ಅನ್ನುವ ತುಣುಕು ಇದೆ. ಅಂಕುಡೊಂಕಾಗಿ ಮಡಚಿದ ಪಟ್ಟಿ, ನೋಡಲು ಏನೂ ಇಲ್ಲ. ಅಂಥ 30 ತುಣುಕು ಸೇರಿದರೆ 12 ಪಂಚಭುಜಗಳ ಚೆಂಡಿನಂಥ ಆಕಾರ ಆಗುತ್ತದೆ. ಪ್ರತಿ ಮೂಲೆಯಲ್ಲೂ ಮೂರು ತುಣುಕು ಕೂಡುತ್ತವೆ. ನಾನು ಮೂರು ಬಣ್ಣದಲ್ಲಿ ತಲಾ ಹತ್ತು ತುಣುಕು ಮಡಚಿಟ್ಟೆ. ಯಾವ ಮೂಲೆಯಲ್ಲೂ ಒಂದೇ ಬಣ್ಣ ಎರಡು ಸಲ ಬರಬಾರದು ಅನ್ನುವುದು ಆಟ. ಸುಮ್ನೆ ಜೋಡಿಸುತ್ತಾ ಹೋದರೆ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಗ್ಯಾರಂಟಿ. ಉಪಾಯ ಏನೆಂದರೆ, ಮೊದಲು 20 ಮೂಲೆಗಳನ್ನೂ ಒಂದೊಂದೇ ಸಲ ಮುಟ್ಟಿ ಹೊರಟ ಕಡೆಗೇ ಬರುವ ದಾರಿ ಹುಡುಕಬೇಕು. ಇದೇ ಆಕಾರದ ಮೇಲೆ ಅಂಥ ದಾರಿ ಹುಡುಕುವ ಆಟವನ್ನು ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್ 1857ರಲ್ಲೇ ಮಾಡಿದ್ದ. ದಾರಿಯ ಉದ್ದಕ್ಕೂ ಕೆಂಪು, ಹಳದಿ, ಕೆಂಪು, ಹಳದಿ ಹಾಕುತ್ತಾ ಹೋಗಿ. 20 ಸರಿಸಂಖ್ಯೆ ಆದ್ದರಿಂದ ಕೊನೆಯಲ್ಲಿ ಜಗಳ ಬರುವುದಿಲ್ಲ. ಉಳಿದ ಹತ್ತಕ್ಕೂ ನೀಲಿ.

ಕೊನೆಯ ತುಣುಕು ಟಕ್ಕಂತ ಕೂತಾಗ ಇಡೀ ಚೆಂಡು ಬಿಗಿಯಾಗುತ್ತದೆ. ಅಲ್ಲಿವರೆಗೆ ಸಡಿಲವಾಗಿ ಅಲ್ಲಾಡುತ್ತಿದ್ದದ್ದು ಕೈಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆ ಬಿಗಿ ಯಾವ ಪ್ರಮೇಯದಲ್ಲೂ ಇರಲಿಲ್ಲ. ಅದು ನನಗೆ ಕಾಗದದಿಂದಲೇ ಸಿಕ್ಕಿದ್ದು.

ಸೂಜಿದಾರ ಅವರು ಹೇಳಿದ ಡಾರ್ಟ್ ಇಲ್ಲೂ ಇದೆ. ಷಡ್ಭುಜಗಳನ್ನೇ ಜೋಡಿಸಿದರೆ ಚಪ್ಪಟೆ ಹಾಸು ಬರುತ್ತದೆ. ಪಂಚಭುಜ ಸೇರಿಸಿದ ಕಡೆ ಅದು ಬಾಗುತ್ತದೆ. ಪಂಚಭುಜ, ಷಡ್ಭುಜ ಎರಡೇ ಬಳಸಿ ಎಷ್ಟು ದೊಡ್ಡ ಚೆಂಡು ಮಾಡಿದರೂ ಪಂಚಭುಜ ಬೇಕಾಗುವುದು 12 ಮಾತ್ರ, ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಇನ್ನೊಂದು ಮಾತು. ಲ್ಯಾಂಗ್ ಅವರ ಟ್ರೀಮೇಕರ್ ಪ್ರೋಗ್ರಾಂ ಇದೆ. ಎಷ್ಟು ಕಾಲು, ಎಷ್ಟು ಉದ್ದ ಅಂತ ಕೊಟ್ಟರೆ ಹಾಳೆಯಲ್ಲಿ ವೃತ್ತಗಳನ್ನು ಹೊಂದಿಸಿ ಬೇಸಿನ ಗೆರೆಗಳನ್ನು ಹಾಕಿಕೊಡುತ್ತದೆ. ಆದರೆ ಬರುವುದು ಬೇಸ್ ಮಾತ್ರ. ಅದಕ್ಕೆ ಜೀವ ಬರುವಂತೆ ತಿದ್ದುವುದು ಕೈಯ ಕೆಲಸ. ಫ್ರಾನ್ಸಿನ ಎರಿಕ್ ಜ್ವಾಸೆಲ್ (1956–2010) ಶಿಲ್ಪದಿಂದ ಒರಿಗಾಮಿಗೆ ಬಂದವರು. ಅವರ ಕಾಗದದ ಮುಖಗಳನ್ನೂ ಸಂಗೀತಗಾರರನ್ನೂ ನೋಡಿ. ಆ ಹುಬ್ಬು, ಆ ಬೆರಳು. ಅಲ್ಲಿ ನನ್ನ ಎಂಎಸ್ಸಿ ಏನೂ ಹೇಳುವುದಿಲ್ಲ, ನಿಮ್ಮ ಕಣ್ಣೇ ನನಗಿಂತ ಜಾಸ್ತಿ ನೋಡುತ್ತದೆ. ತಪ್ಪಿಹೋಗುವುದು ಎರಡೂ ಕಡೆಯವರಿಗೆ, ಅಲ್ವಾ?

—

ಕಾಗದದ_ಕೊಕ್ಕರೆ ಬರೆದದ್ದು:

ಮೂವರಿಗೂ ತುಂಬಾ ಧನ್ಯವಾದ. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಮೇಷ್ಟ್ರೇ, ಚೌಕದ ಬೇಸ್ ಬಿಚ್ಚಿ ಎಣಿಸಿದೆ. ನಾಲ್ಕು, ಎರಡು. ಆಮೇಲೆ ನೀರಿನ ಬಾಂಬ್ ಅನ್ನುವ ಇನ್ನೊಂದು ಬೇಸ್ ಮಾಡಿ ಬಿಚ್ಚಿದೆ. ಅಲ್ಲೂ ಆರೇ ಗೆರೆ, ನಾಲ್ಕು ಮತ್ತು ಎರಡು. ಆದರೆ ಈ ಸಲ ಮೂಲೆಗೆ ಹೋಗುವ ನಾಲ್ಕೂ ಮಡಚಿವೆ, ಅಂಚಿಗೆ ಹೋಗುವುದರಲ್ಲಿ ಎರಡು ಮಲಗಿವೆ. ಒಂದನ್ನು ಒಳಗಿಂದ ಹೊರಕ್ಕೆ ತಿರುವಿದರೆ ಇನ್ನೊಂದು ಬರುತ್ತದೆ ಅಂತ ಕೈಗೆ ಗೊತ್ತಿತ್ತು. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಯಾವ ಗೆರೆ ಎದ್ದಿದೆ, ಯಾವುದು ಮಲಗಿದೆ ಅಂತ ನೋಡಿದ್ದು ಇದೇ ಮೊದಲು. ಇದೇ ಗೆರೆಗಳಲ್ಲಿ ಇನ್ನೂ ಏನೇನು ಬರಬಹುದು ಅಂತ ತುಂಬಾ ಹೊತ್ತು ಹಿಂದೆ ಮುಂದೆ ತಳ್ಳುತ್ತಾ ಕೂತಿದ್ದೆ.

ಸೂಜಿದಾರ ಅವರೇ, ಬಚ್ಚಿಟ್ಟ ಕಾಗದ ಹುಡುಕುವ ಮಾತು ನನಗೆ ಎಲ್ಲಕ್ಕಿಂತ ಹತ್ತಿರವಾಯಿತು. ಹಳೆಯ ದಾಖಲೆ ನೋಡುವಾಗ ನಾನೂ ಅದನ್ನೇ ಮಾಡುತ್ತೇನೆ, ಬರೆಯದೆ ಬಿಟ್ಟದ್ದು ಎಲ್ಲಿ ಹೋಯಿತು ಅಂತ.

ಈಗ ಒಂದು ಕೆಲಸದ ಪ್ರಶ್ನೆ. ಮೂರನೇ ಒಂದು ಭಾಗ ಒಂದೇ ಮಡಿಕೆಯಲ್ಲಿ ಬಂತು, ಮಾಡಿ ನೋಡಿದೆ. ನಾನು ಮಡಚಬೇಕು ಅಂತಿರುವ ಒಂದು ಮುಚ್ಚಳದ ಪೆಟ್ಟಿಗೆಗೆ ಅಂಚನ್ನು ಐದು ಸಮಪಾಲು ಮಾಡಬೇಕು. ಇಲ್ಲಿವರೆಗೆ ಸ್ಕೇಲಿನಲ್ಲಿ ಅಳೆದು ಪೆನ್ಸಿಲ್ ಗುರುತು ಹಾಕುತ್ತಿದ್ದೆ. ಐದಕ್ಕೂ ಇಂಥ ದಾರಿ ಇದೆಯಾ?

—

ಲೆಕ್ಕದ_ಮೇಷ್ಟ್ರು ಉತ್ತರಿಸಿದ್ದು:

ಅರ್ಧಮಡಿಕೆ ಅವರೇ, ನಿಮ್ಮ ತಕರಾರು ಸರಿ ಇದೆ. ಮಾಡ್ಯುಲರ್ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆದರೂ ಮೂರು ಬಣ್ಣ ಹಂಚಲು ಚೆಂಡಿನ ಮೇಲೆ ದಾರಿ ಹುಡುಕಿದಿರಲ್ಲ, ಅದನ್ನು ನಾನು ಬಿಚ್ಚಿ ನೋಡುವುದು ಅಂತಲೇ ಕರೆಯುತ್ತೇನೆ.

ಮೇಡಂ, ಇದೆ. ಅದೂ ಅದೇ ಮಡಿಕೆ. ಮೂಲೆ ಕೂರುವ ಜಾಗ ಮಾತ್ರ ಬೇರೆ.

ಮೇಲಂಚಿನಲ್ಲಿ ಬಲ ಮೂಲೆಯಿಂದ ಕಾಲು ಭಾಗಕ್ಕೆ ಒಂದು ಗುರುತು ಮಾಡಿಕೊಳ್ಳಿ. ಅರ್ಧ ಮಡಚಿ, ಬಲಗಡೆಯ ಅರ್ಧವನ್ನು ಮತ್ತೆ ಅರ್ಧ ಮಡಚಿದರೆ ಬರುತ್ತದೆ. ಪೂರ್ತಿ ಗೆರೆ ಎಳೆಯಬೇಡಿ, ಅಂಚಿನಲ್ಲಿ ಉಗುರಿನಿಂದ ಒಂದು ಚಿವುಟು ಸಾಕು, ಪೆಟ್ಟಿಗೆಯ ಮೇಲೆ ಬೇಡದ ಗೆರೆ ಉಳಿಯಲ್ಲ. ಈಗ ಕೆಳಗಿನ ಬಲ ಮೂಲೆಯನ್ನು ಎತ್ತಿ ಆ ಚಿವುಟಿಗೆ ತಾಗಿಸಿ. ಮಡಿಕೆಯನ್ನು ಗಟ್ಟಿಯಾಗಿ ಒತ್ತಬೇಡಿ. ಮೇಲಕ್ಕೆ ಬಂದ ಕೆಳಅಂಚು ಎಡ ಅಂಚನ್ನು ದಾಟುವ ಜಾಗ ನೋಡಿ, ಅಲ್ಲೊಂದು ಚಿವುಟು. ಅದು ಮೇಲಿನ ಎಡ ಮೂಲೆಯಿಂದ ಸರಿಯಾಗಿ ಐದನೇ ಎರಡು ಭಾಗ. ಹಾಳೆ ಬಿಚ್ಚಿ ಮೇಲಿನ ಮೂಲೆಯನ್ನು ಆ ಚಿವುಟಿಗೆ ತಂದು ಮಡಚಿದರೆ ಐದನೇ ಒಂದು ಸಿಕ್ಕಿತು. ಚಿವುಟಿನ ಕೆಳಗೆ ಉಳಿದದ್ದು ಮೂರು ಪಾಲು. ಕೆಳಗಿನ ಮೂಲೆಯನ್ನು ಮೊದಲ ಪಾಲಿನ ಗೆರೆಗೆ ತಂದರೆ ಆ ಗೆರೆಯ ಕೆಳಗಿನ ನಾಲ್ಕು ಪಾಲು ಎರಡೆರಡಾಗಿ, ಉಳಿದ ಗುರುತುಗಳು ಸುಲಭವಾಗಿ ಬರುತ್ತವೆ.

ಯಾಕೆ ಹೀಗೆ ಅಂದರೆ, ಹಾಳೆಯ ಬದಿ 1 ಅಂತಿಟ್ಟುಕೊಳ್ಳಿ. ಮೇಲಿನ ಬಲ ಮೂಲೆಯಿಂದ ಗುರುತಿಗೆ ಇರುವ ದೂರ ಎಷ್ಟೋ ಅದನ್ನು ಎರಡರಿಂದ ಗುಣಿಸಿ, ಅದೇ ದೂರಕ್ಕೆ ಒಂದು ಕೂಡಿಸಿದ್ದರಿಂದ ಭಾಗಿಸಿ. ಎಡ ಅಂಚಿನಲ್ಲಿ ಮೇಲಿನಿಂದ ಬರುವ ಉದ್ದ ಅದೇ. ಅರ್ಧಕ್ಕೆ ಹಾಕಿ ನೋಡಿ: 1ನ್ನು ಒಂದೂವರೆಯಿಂದ ಭಾಗಿಸಿದರೆ ಮೂರನೇ ಎರಡು. ಕಾಲಿಗೆ ಹಾಕಿ: ಅರ್ಧವನ್ನು ಒಂದೂಕಾಲಿನಿಂದ ಭಾಗಿಸಿದರೆ ಐದನೇ ಎರಡು. ಎಡಗಡೆಯ ತ್ರಿಭುಜವೂ ಬಲಗಡೆಯದೂ ಸಮರೂಪ ಅನ್ನುವುದೊಂದು ಗೊತ್ತಿದ್ದರೆ ಈ ಸೂತ್ರವನ್ನು ನೀವೇ ತೆಗೆಯಬಹುದು. ಬೇಕಾದರೆ ಇನ್ನೊಮ್ಮೆ ಹಂತಹಂತವಾಗಿ ಬರೆದು ಹಾಕುತ್ತೇನೆ.

ಗುರುತನ್ನು ಮುಕ್ಕಾಲಿಗೆ ಇಟ್ಟರೆ ಏನು ಬರುತ್ತದೆ ಅಂತ ಮೊದಲು ಮಡಚಿ ನೋಡಿ, ಆಮೇಲೆ ಲೆಕ್ಕ ಹಾಕಿ. ಏಳು ಪಾಲಿನ ಪೆಟ್ಟಿಗೆ ಮಾಡುವವರಿಗೆ ಅದು ಬೇಕಾಗುತ್ತದೆ.